ಇಂಗ್ಲೆಂಡಿನ ಕೌಂಟಿಯಲ್ಲಿರುವ ಕನ್ನಡಿಗರಿಗೆ: ಕೌನ್ಸಿಲ್ ಸುದ್ದಿ ತಿಳಿಯುವುದು, ದನಿ ಎತ್ತುವುದು, ಊರ ಕೆಲಸಕ್ಕೆ ಸೇರುವುದು ಹೇಗೆ

ಮಗಳ ಶಾಲೆಯ ಗೇಟಿನ ಮುಂದೆ ಒಂದು ಗುಂಡಿ ಬಿದ್ದಿತ್ತು. ಮಳೆ ನೀರು ತುಂಬಿದರೆ ಅದು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಒಂದು ದಿನ ಬೆಳಿಗ್ಗೆ ಸೈಕಲ್ಲಿನಲ್ಲಿ ಬಂದ ಹುಡುಗನೊಬ್ಬ ಅದಕ್ಕೆ ಬಿದ್ದು ಮೊಣಕೈ ತರಚಿಕೊಂಡ. ನಾನು ಅವತ್ತೇ ನಮ್ಮ ಬೀದಿಯ ಕಸ ಎತ್ತುವ ಕೌನ್ಸಿಲ್‌ಗೆ ಫೋನ್ ಮಾಡಿದೆ. ನನಗೆ ಗೊತ್ತಿದ್ದ ಕೌನ್ಸಿಲ್ ನಂಬರ್ ಅದೊಂದೇ. ಮೂರು ವಾರ ಕಾದ ಮೇಲೆ ತಿಳಿಯಿತು, ರಸ್ತೆ ಅವರ ಕೈಯಲ್ಲಿಲ್ಲ, ಅದು ಕೌಂಟಿ ಕೌನ್ಸಿಲ್‌ನದು ಅಂತ. ಸರಿಯಾದ ಜಾಗಕ್ಕೆ ಬರೆದ ಆರನೇ ದಿನಕ್ಕೆ ಗುಂಡಿ ಮುಚ್ಚಿತು.

ಆ ಮೂರು ವಾರ ಇನ್ನೊಬ್ಬರಿಗೆ ಹಾಳಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಇಲ್ಲಿಗೆ ಬಂದ ನಮ್ಮವರು ತೆರಿಗೆಯನ್ನು ತಪ್ಪದೆ ಕಟ್ಟುತ್ತಾರೆ, ಆದರೆ ಕೌನ್ಸಿಲ್ ಕಡೆ ತಲೆ ಹಾಕುವುದಿಲ್ಲ. 'ನಮಗ್ಯಾಕೆ, ಇದು ಅವರ ಊರು' ಅನ್ನುವ ಮಾತು ಎಷ್ಟೋ ಸಲ ಕೇಳಿದ್ದೇನೆ. ಮಕ್ಕಳು ಓದುವುದು ಇಲ್ಲಿ, ಮನೆ ಇರುವುದು ಇಲ್ಲಿ. ಹಾಗಿದ್ದ ಮೇಲೆ ಇದು ನಮ್ಮ ಊರೂ ಹೌದು ಅಲ್ವಾ? ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡಿನ ಮಾತು. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ನಿಯಮ ಬೇರೆ.

ಮೊದಲ ಹೆಜ್ಜೆ: ನಿಮ್ಮ ಮನೆ ಯಾವ ಯಾವ ಕೌನ್ಸಿಲ್‌ಗೆ ಸೇರಿದೆ ಅಂತ ನೋಡಿ

ನಮ್ಮಲ್ಲಿ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ಗ್ರಾಮ ಪಂಚಾಯಿತಿ ಇದ್ದ ಹಾಗೆ ಇಲ್ಲೂ ಹಲವು ಕೌಂಟಿಗಳಲ್ಲಿ ಮೂರು ಹಂತ ಇವೆ. ಮೇಲೆ ಕೌಂಟಿ ಕೌನ್ಸಿಲ್. ರಸ್ತೆ, ಫುಟ್‌ಪಾತ್, ಶಾಲಾ ಪ್ರವೇಶ, ಲೈಬ್ರರಿ, ವಯಸ್ಸಾದವರ ಮತ್ತು ಅಂಗವಿಕಲರ ಆರೈಕೆ ಅವರ ಕೆಲಸ. ನಡುವೆ ಡಿಸ್ಟ್ರಿಕ್ಟ್ ಅಥವಾ ಬರೋ ಕೌನ್ಸಿಲ್. ಮನೆಯ ಕಸ, ಕಟ್ಟಡದ ಅನುಮತಿ, ಕೌನ್ಸಿಲ್ ಮನೆಗಳು, ತೆರಿಗೆ ವಸೂಲಿ, ಮತದಾರರ ಪಟ್ಟಿ ಅವರದು. ಕೆಳಗೆ ಪ್ಯಾರಿಷ್ ಅಥವಾ ಟೌನ್ ಕೌನ್ಸಿಲ್. ಆಟದ ಮೈದಾನ, ಊರ ಹಾಲ್, ಬಸ್ ತಂಗುದಾಣ, ಬೆಂಚು, ತೋಟದ ತುಂಡು ಜಮೀನು ಇಂಥವನ್ನು ಅವರು ನೋಡಿಕೊಳ್ಳುತ್ತಾರೆ. ಪ್ಯಾರಿಷ್ ಅಂದ ತಕ್ಷಣ ಚರ್ಚಿನದು ಅಂದುಕೊಳ್ಳಬೇಡಿ. 1894ರ ಕಾನೂನು ಊರ ಆಡಳಿತವನ್ನು ಚರ್ಚಿನಿಂದ ಬೇರೆ ಮಾಡಿತು.

ಎಲ್ಲ ಕಡೆ ಮೂರೂ ಇರುವುದಿಲ್ಲ. ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ 2020ರ ಏಪ್ರಿಲ್‌ನಿಂದ, ಸಾಮರ್‌ಸೆಟ್ ಮತ್ತು ನಾರ್ತ್ ಯಾರ್ಕ್‌ಶೈರ್‌ನಲ್ಲಿ 2023ರಿಂದ ಕೌಂಟಿ, ಡಿಸ್ಟ್ರಿಕ್ಟ್ ಸೇರಿ ಒಂದೇ ಕೌನ್ಸಿಲ್ ಆಗಿದೆ. ಇದಕ್ಕೆ ಯೂನಿಟರಿ ಅಂತಾರೆ. 2024ರ ಡಿಸೆಂಬರ್‌ನಲ್ಲಿ ಸರ್ಕಾರ ತಂದ ಶ್ವೇತಪತ್ರದ ಪ್ರಕಾರ ಉಳಿದ ಕೌಂಟಿಗಳೂ ಅದೇ ದಾರಿ ಹಿಡಿಯಬೇಕು. ಸರ್ರೆಯಲ್ಲಿ 2027ರ ಏಪ್ರಿಲ್‌ನಿಂದ ಈಸ್ಟ್ ಸರ್ರೆ, ವೆಸ್ಟ್ ಸರ್ರೆ ಅಂತ ಎರಡು ಕೌನ್ಸಿಲ್ ಬರಬೇಕೆಂದು ಸರ್ಕಾರ ತೀರ್ಮಾನಿಸಿದೆ. ಹಾಗಾಗಿ ಹೋದ ವರ್ಷ ಸರಿ ಇದ್ದ ಫೋನ್ ನಂಬರ್ ಬರುವ ವರ್ಷ ಬದಲಾಗಬಹುದು.

ನಿಮ್ಮದು ಯಾವುದು ಅಂತ ತಿಳಿಯಲು ಗವ್.ಯುಕೆ ತಾಣದಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಸಾಕು. ಅದಕ್ಕಿಂತ ಒಳ್ಳೆಯದು, ಕೌನ್ಸಿಲ್ ಟ್ಯಾಕ್ಸ್ ಬಿಲ್ ತೆಗೆದು ಟೇಬಲ್ ಮೇಲೆ ಹರಡಿ. ಅದರಲ್ಲಿ ಕೌಂಟಿಗೆ ಇಷ್ಟು, ಡಿಸ್ಟ್ರಿಕ್ಟ್‌ಗೆ ಇಷ್ಟು, ಪೊಲೀಸ್‌ಗೆ ಇಷ್ಟು, ಪ್ಯಾರಿಷ್‌ಗೆ ಇಷ್ಟು ಅಂತ ಸಾಲು ಸಾಲಾಗಿ ಬರೆದಿರುತ್ತದೆ. ಬಿಲ್ ಕಳಿಸುವವರು ಡಿಸ್ಟ್ರಿಕ್ಟ್‌ನವರು, ಹಣದ ದೊಡ್ಡ ಪಾಲು ಹೋಗುವುದು ಕೌಂಟಿಗೆ. ನಾನು ತಪ್ಪಿದ್ದು ಇಲ್ಲೇ.

ಬಿಲ್ ಕೈಯಲ್ಲಿರುವಾಗಲೇ ಇನ್ನೊಂದೆರಡು ನೋಡಿಕೊಳ್ಳಿ. ಮನೆಗೆ ಎ ಯಿಂದ ಎಚ್ ವರೆಗೆ ಒಂದು ಬ್ಯಾಂಡ್ ಕೊಟ್ಟಿರುತ್ತಾರೆ. ಅದು 1991ರ ಏಪ್ರಿಲ್ 1ರಂದು ಆ ಮನೆಗೆ ಎಷ್ಟು ಬೆಲೆ ಇತ್ತು ಅನ್ನುವ ಲೆಕ್ಕ. ಹೊಸ ಮನೆಗೂ ಅದೇ ತಾರೀಖಿನ ಲೆಕ್ಕವೇ. ಮನೆಯಲ್ಲಿ ದೊಡ್ಡವರು ಒಬ್ಬರೇ ಇದ್ದರೆ 25% ರಿಯಾಯಿತಿ ಇದೆ. ಮನೆಯವರೆಲ್ಲ ಪೂರ್ಣಾವಧಿ ವಿದ್ಯಾರ್ಥಿಗಳಾಗಿದ್ದರೆ ತೆರಿಗೆಯೇ ಇಲ್ಲ. ಎರಡಕ್ಕೂ ನೀವೇ ಅರ್ಜಿ ಹಾಕಬೇಕು. ಓದಲು ಬಂದ ನಮ್ಮ ಹುಡುಗರು ಗೊತ್ತಿಲ್ಲದೆ ತಿಂಗಳುಗಟ್ಟಲೆ ಕಟ್ಟಿದ್ದನ್ನು ನೋಡಿದ್ದೇನೆ.

ಎರಡನೇ ಹೆಜ್ಜೆ: ವೋಟರ್ ಪಟ್ಟಿಗೆ ಹೆಸರು ಸೇರಿಸಿ

ಇದನ್ನು ಸ್ವಲ್ಪ ನಿಂತು ಓದಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ನೀವು ಇಲ್ಲಿ ವೋಟು ಹಾಕಬಹುದು. ಕಾಮನ್‌ವೆಲ್ತ್ ದೇಶದ ಪ್ರಜೆಯಾಗಿ, 18 ತುಂಬಿ, ಇಲ್ಲಿ ಇರಲು ಯಾವುದೇ ಬಗೆಯ ಕಾನೂನುಬದ್ಧ ಅನುಮತಿ ಇದ್ದರೆ ಸಾಕು. ಕೆಲಸದ ವೀಸಾ ಆಗುತ್ತದೆ, ವಿದ್ಯಾರ್ಥಿ ವೀಸಾ ಆಗುತ್ತದೆ, ಗಂಡನ ಅಥವಾ ಹೆಂಡತಿಯ ಜೊತೆ ಬಂದ ಡಿಪೆಂಡೆಂಟ್ ವೀಸಾನೂ ಆಗುತ್ತದೆ. ಕೌನ್ಸಿಲ್ ಚುನಾವಣೆ ಮಾತ್ರ ಅಲ್ಲ, ಸಂಸತ್ತಿನ ಚುನಾವಣೆಗೂ ಇದೇ ನಿಯಮ. ಹತ್ತು ಮನೆಯಲ್ಲಿ ಕೇಳಿದರೆ ಆರು ಮನೆಯವರಿಗೆ ಇದು ಗೊತ್ತಿರುವುದಿಲ್ಲ ಅನ್ನೋದು ನನ್ನ ಅನುಭವ.

ಗವ್.ಯುಕೆಯಲ್ಲಿ ಹೆಸರು ಸೇರಿಸಲು ಐದು ನಿಮಿಷ ಬೇಕು. ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೈಯಲ್ಲಿಟ್ಟುಕೊಳ್ಳಿ. ಮತದಾನಕ್ಕೆ 12 ಕೆಲಸದ ದಿನ ಮುಂಚೆ ಪಟ್ಟಿ ಮುಚ್ಚುತ್ತದೆ. ಚುನಾವಣೆ ಸಾಮಾನ್ಯವಾಗಿ ಮೇ ತಿಂಗಳ ಮೊದಲ ಗುರುವಾರ. 2023ರಿಂದ ಮತಗಟ್ಟೆಯಲ್ಲಿ ಫೋಟೋ ಇರುವ ಗುರುತು ತೋರಿಸಬೇಕು. ನಿಮ್ಮ ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ, ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಕೂಡ ನಡೆಯುತ್ತದೆ.

ಶಾಶ್ವತವಾಗಿ ಇರುವ ಅನುಮತಿ ಸಿಕ್ಕ ಮೇಲೆ, ವಿಳಾಸ ಅಥವಾ ಕೆಲಸದ ಜಾಗದ ಷರತ್ತು ಪೂರೈಸಿದರೆ, ಕೌನ್ಸಿಲರ್ ಸ್ಥಾನಕ್ಕೆ ನೀವೇ ನಿಲ್ಲಬಹುದು. ನಮ್ಮವರು ನಿಂತು ಗೆದ್ದಿದ್ದಾರೆ. ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್ ಲಂಡನ್ನಿನ ಲ್ಯಾಂಬೆತ್ ಬರೋದಲ್ಲಿ ಕೌನ್ಸಿಲರ್ ಆಗಿದ್ದರು, 2010ರಲ್ಲಿ ಅಲ್ಲಿನ ಮೇಯರ್ ಆದರು. ಥೇಮ್ಸ್ ದಡದಲ್ಲಿ 2015ರ ನವೆಂಬರ್ 14ರಂದು ಅನಾವರಣವಾದ ಬಸವೇಶ್ವರರ ಪ್ರತಿಮೆಯ ಹಿಂದೆ ಇದ್ದವರು ಅವರೇ. ಲಂಡನ್ನಿಗೆ ಹೋದಾಗ ಆ ಪ್ರತಿಮೆ ಮುಂದೆ ಫೋಟೋ ತೆಗೆಸಿಕೊಳ್ಳುತ್ತೇವಲ್ಲ, ಅದು ಅಲ್ಲಿ ನಿಂತಿದ್ದು ಇಂಥ ಕೌನ್ಸಿಲ್ ಓಡಾಟದಿಂದ ಅನ್ನುವುದೂ ನೆನಪಿರಲಿ.

ಮೂರನೇ ಹೆಜ್ಜೆ: ಸುದ್ದಿ ಬರುವ ದಾರಿ ತೆರೆದಿಡಿ

ಕೌಂಟಿ ಮತ್ತು ಡಿಸ್ಟ್ರಿಕ್ಟ್ ಎರಡರ ಇಮೇಲ್ ಸುದ್ದಿಪತ್ರಕ್ಕೂ ಹೆಸರು ಕೊಡಿ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಸುದ್ದಿಪತ್ರದಲ್ಲಿ ಕೌನ್ಸಿಲ್ ಹೇಳಬೇಕು ಅಂದುಕೊಂಡಿದ್ದು ಮಾತ್ರ ಇರುತ್ತದೆ. ನಿಜವಾದ ಸುದ್ದಿ ಸಭೆಯ ಅಜೆಂಡಾದಲ್ಲಿ ಇರುತ್ತದೆ. ಕೌಂಟಿ, ಡಿಸ್ಟ್ರಿಕ್ಟ್ ಸಭೆಗಳ ಅಜೆಂಡಾವನ್ನು ಐದು ಪೂರ್ತಿ ದಿನ ಮುಂಚೆ ಹೊರಗೆ ಹಾಕಬೇಕು ಅಂತ ಕಾನೂನೇ ಇದೆ. ಪ್ಯಾರಿಷ್‌ಗೆ ಮೂರು ದಿನ. ಇನ್ನೊಂದು, 'ಫಾರ್ವರ್ಡ್ ಪ್ಲಾನ್' ಅನ್ನುವ ಪಟ್ಟಿ. ದೊಡ್ಡ ತೀರ್ಮಾನ ತೆಗೆದುಕೊಳ್ಳುವ ಮುಂಚೆ 28 ದಿನದ ಸೂಚನೆ ಕೊಡಬೇಕು. ಲೈಬ್ರರಿ ಮುಚ್ಚುವ ಮಾತು, ಬಸ್ಸಿಗೆ ಕೊಡುವ ಹಣ ಕಡಿಮೆ ಮಾಡುವ ಮಾತು ಮೊದಲು ಕಾಣಿಸುವುದು ಅಲ್ಲೇ. ತಿಂಗಳಿಗೊಮ್ಮೆ ಹತ್ತು ನಿಮಿಷ ಅದನ್ನು ತೆರೆದು ನೋಡಿ.

ಊರ ನೋಟಿಸ್ ಬೋರ್ಡ್ ಇನ್ನೂ ಬದುಕಿದೆ. ನಮ್ಮೂರಿನದು ಅಂಗಡಿ ಪಕ್ಕದಲ್ಲಿದೆ, ಗಾಜಿನ ಬಾಗಿಲಿನ ಮರದ ಪೆಟ್ಟಿಗೆ. ಯೋಗ ತರಗತಿ, ಕಳೆದುಹೋದ ಬೆಕ್ಕು, ಅದರ ನಡುವೆ ಪ್ಯಾರಿಷ್ ಕೌನ್ಸಿಲ್ ಸಭೆಯ ಹಾಳೆ. ಹಾಲು ತರಲು ಹೋದಾಗ ಒಂದು ಸಲ ಕಣ್ಣಾಡಿಸಿದರೆ ಆಯಿತು.

ಕೆಲವು ತಾರೀಖುಗಳನ್ನು ಫೋನಿನ ಕ್ಯಾಲೆಂಡರಿಗೆ ಹಾಕಿಡಿ. ಸೆಕೆಂಡರಿ ಶಾಲೆಗೆ ಅರ್ಜಿ ಅಕ್ಟೋಬರ್ 31ರೊಳಗೆ, ಪ್ರೈಮರಿಗೆ ಜನವರಿ 15ರೊಳಗೆ. ಯಾವ ಶಾಲೆ ಸಿಕ್ಕಿತು ಅಂತ ತಿಳಿಯುವುದು ಮಾರ್ಚ್ 1 ಮತ್ತು ಏಪ್ರಿಲ್ 16ಕ್ಕೆ, ಇಲ್ಲವೇ ಅದರ ಮುಂದಿನ ಕೆಲಸದ ದಿನ. ಬಜೆಟ್ ಬಗ್ಗೆ ಜನರ ಅಭಿಪ್ರಾಯ ಕೇಳುವುದು ಸಾಮಾನ್ಯವಾಗಿ ಚಳಿಗಾಲದಲ್ಲಿ. ಫೆಬ್ರವರಿಯಲ್ಲಿ ಬಜೆಟ್ ಸಭೆ ಮುಗಿದು, ಮಾರ್ಚ್‌ನಲ್ಲಿ ಬಿಲ್ ಬಂದ ಮೇಲೆ ಸಿಟ್ಟು ಮಾಡಿಕೊಂಡು ಫಲ ಇಲ್ಲ. ಮಾತಾಡಬೇಕಾದ್ದು ನವೆಂಬರ್, ಡಿಸೆಂಬರ್‌ನಲ್ಲಿ.

ನಾಲ್ಕನೇ ಹೆಜ್ಜೆ: ದೂರು ಕೊಡುವುದನ್ನು ಕಲಿಯಿರಿ

ಮತ್ತೆ ಗುಂಡಿಗೆ ಬರೋಣ. ಕೌಂಟಿಯ ತಾಣದಲ್ಲಿ ರಸ್ತೆ ದೂರಿನ ಪುಟ ಇರುತ್ತದೆ. ಅದು ಸಿಗದಿದ್ದರೆ ಫಿಕ್ಸ್‌ಮೈಸ್ಟ್ರೀಟ್ ಅನ್ನುವ ತಾಣ ಇದೆ, 2007ರಿಂದ ನಡೆಯುತ್ತಿದೆ. ನಕ್ಷೆಯ ಮೇಲೆ ಜಾಗ ಗುರುತಿಸಿದರೆ ಅದು ಸರಿಯಾದ ಕೌನ್ಸಿಲ್‌ಗೆ ತಾನೇ ಕಳಿಸುತ್ತದೆ. ಯಾರ ರಸ್ತೆ ಅನ್ನುವ ಗೊಂದಲವೇ ಇಲ್ಲ. ಮೋಟಾರ್‌ವೇ ಮತ್ತು ದೊಡ್ಡ ಹೆದ್ದಾರಿಗಳು ಮಾತ್ರ ನ್ಯಾಷನಲ್ ಹೈವೇಸ್ ಅನ್ನುವ ಸರ್ಕಾರಿ ಸಂಸ್ಥೆಗೆ ಸೇರಿದ್ದು.

ಫೋಟೋ ಎರಡು ತೆಗೆಯಿರಿ. ಒಂದು ದೂರದಿಂದ, ಮನೆ ನಂಬರೋ ದೀಪದ ಕಂಬವೋ ಕಾಣುವ ಹಾಗೆ. ಇಲ್ಲಿನ ದೀಪದ ಕಂಬಗಳಿಗೆ ನಂಬರ್ ಇರುತ್ತದೆ, ಅದನ್ನು ಬರೆದರೆ ಜಾಗ ಹುಡುಕುವುದು ಸುಲಭ. ಇನ್ನೊಂದು ಹತ್ತಿರದಿಂದ. ಮಗಳ ಜಾಮೆಟ್ರಿ ಬಾಕ್ಸಿನ ಸ್ಕೇಲನ್ನು ಗುಂಡಿಯೊಳಗೆ ನೆಟ್ಟಗೆ ನಿಲ್ಲಿಸಿ ನಾನು ಫೋಟೋ ತೆಗೆದೆ. ಅರವತ್ತೈದು ಮಿಲಿಮೀಟರ್ ಇತ್ತು. ಎಷ್ಟೋ ಕೌನ್ಸಿಲ್‌ಗಳು 40 ಮಿಲಿಮೀಟರ್ ಆಳವನ್ನು ರಿಪೇರಿಯ ಗೆರೆ ಅಂತ ಇಟ್ಟುಕೊಂಡಿವೆ. ಹಾಗಾಗಿ 'ತುಂಬಾ ದೊಡ್ಡ ಗುಂಡಿ' ಅಂತ ಬರೆಯುವುದಕ್ಕಿಂತ ಅಳತೆ ಬರೆಯುವುದು ಕೆಲಸಕ್ಕೆ ಬರುತ್ತದೆ. ಗಾಡಿ ಓಡಾಡುವ ರಸ್ತೆ, ಹುಷಾರು. ಬೆಳಿಗ್ಗೆ ಬೇಗ, ಇನ್ನೊಬ್ಬರನ್ನು ಜೊತೆಗೆ ನಿಲ್ಲಿಸಿಕೊಂಡೇ ತೆಗೆಯಿರಿ. ಅಲ್ಲಿ ಯಾರು ಓಡಾಡುತ್ತಾರೆ ಅಂತಲೂ ಬರೆಯಿರಿ: ಶಾಲೆಯ ಗೇಟು, ಗಾಲಿಕುರ್ಚಿ, ಸೈಕಲ್ ಮಕ್ಕಳು.

ದೂರಿನ ನಂಬರನ್ನು ಜೋಪಾನ ಮಾಡಿ. ಇದರ ಬೆಲೆ ಬಹಳ ಜನಕ್ಕೆ ಗೊತ್ತಿಲ್ಲ. 1980ರ ಹೈವೇಸ್ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ರಸ್ತೆಯನ್ನು ಸರಿಯಾಗಿ ಇಡುವುದು ಕೌನ್ಸಿಲ್‌ನ ಹೊಣೆ. ಅದೇ ಕಾಯ್ದೆಯ 58ನೇ ಸೆಕ್ಷನ್ ಅವರಿಗೆ ಒಂದು ರಕ್ಷಣೆ ಕೊಡುತ್ತದೆ. ನಾವು ಕ್ರಮವಾಗಿ ತಪಾಸಣೆ ಮಾಡುತ್ತಿದ್ದೆವು, ಈ ಗುಂಡಿ ನಮ್ಮ ಗಮನಕ್ಕೆ ಬಂದಿರಲಿಲ್ಲ ಅಂತ ಅವರು ತೋರಿಸಿದರೆ ಟೈರು ಒಡೆದವರಿಗೆ ಪರಿಹಾರ ಸಿಗುವುದು ಕಷ್ಟ. ಯಾರೋ ಒಬ್ಬರು ಮುಂಚೆಯೇ ದೂರು ಕೊಟ್ಟಿದ್ದರೆ 'ಗೊತ್ತಿರಲಿಲ್ಲ' ಅನ್ನುವ ಮಾತು ನಿಲ್ಲುವುದಿಲ್ಲ. ನಿಮ್ಮ ಒಂದು ದೂರು ಮುಂದೆ ಬೀಳುವವರ ಕೈ ಹಿಡಿಯುತ್ತದೆ.

ದೂರಿಗೆ ಉತ್ತರ ಬರದಿದ್ದರೆ ಕೌನ್ಸಿಲರ್‌ಗೆ ಬರೆಯಿರಿ. ರೈಟ್‌ಟುದೆಮ್ ತಾಣದಲ್ಲಿ ಪೋಸ್ಟ್‌ಕೋಡ್ ಹಾಕಿದರೆ ನಿಮ್ಮ ಕೌಂಟಿ ಕೌನ್ಸಿಲರ್ ಬೇರೆ, ಡಿಸ್ಟ್ರಿಕ್ಟ್ ಕೌನ್ಸಿಲರ್ ಬೇರೆ ಅಂತ ತೋರಿಸುತ್ತದೆ. ಪತ್ರ ಚಿಕ್ಕದಿರಲಿ. ಏನಾಗಿದೆ, ಎಲ್ಲಿ, ಯಾವತ್ತು ದೂರು ಕೊಟ್ಟೆ, ನಂಬರ್ ಏನು, ನಿಮ್ಮಿಂದ ಏನಾಗಬೇಕು. ವಿಳಾಸ ಬರೆಯುವುದನ್ನು ಮರೆಯಬೇಡಿ, ತಮ್ಮ ಕ್ಷೇತ್ರದವರು ಅಂತ ಗೊತ್ತಾದರೇನೇ ಅವರು ಕೈ ಹಾಕುವುದು. ಅವರು ಜನರನ್ನು ಭೇಟಿ ಮಾಡುವ ಹೊತ್ತಿಗೆ ಇಲ್ಲಿ 'ಸರ್ಜರಿ' ಅಂತಾರೆ. ಶನಿವಾರ ಬೆಳಿಗ್ಗೆ ಲೈಬ್ರರಿಯಲ್ಲಿ ಕೂತಿರುತ್ತಾರೆ, ಎಷ್ಟೋ ಸಲ ಎದುರಿನ ಕುರ್ಚಿ ಖಾಲಿ ಇರುತ್ತದೆ.

ಐದನೇ ಹೆಜ್ಜೆ: ಒಂದು ಸಲ ಪ್ಯಾರಿಷ್ ಸಭೆಗೆ ಹೋಗಿ ಕೂರಿ

ಮೊದಲ ಸಲ ನಾನು ಹೋದಾಗ ಹಾಲ್‌ನಲ್ಲಿ ಏಳು ಜನ ಕೌನ್ಸಿಲರ್‌ಗಳು, ಒಬ್ಬ ಕ್ಲರ್ಕ್, ನಾನು, ಇನ್ನೊಬ್ಬ ಅಜ್ಜ. ಅಷ್ಟೇ. ಗೋಡೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಮೂಲೆಯಲ್ಲಿ ಟೀ ಕಾಯಿಸುವ ದೊಡ್ಡ ಸ್ಟೀಲ್ ಪಾತ್ರೆ. ಕ್ಲರ್ಕ್ ಎದ್ದು ಬಂದು ಅಜೆಂಡಾ ಕೈಗೆ ಕೊಟ್ಟು, 'ಮಾತಾಡುವುದಿದೆಯಾ?' ಅಂತ ಕೇಳಿದರು. ಶುರುವಿನಲ್ಲೇ ಜನರು ಮಾತಾಡಲು ಹದಿನೈದು ನಿಮಿಷ ಇಟ್ಟಿದ್ದರು. ಅಜ್ಜ ಬಸ್ ತಂಗುದಾಣದ ಒಡೆದ ಗಾಜಿನ ಬಗ್ಗೆ ಹೇಳಿದರು. ನಾನು ಶಾಲೆ ಹತ್ತಿರದ ಪಾರ್ಕಿಂಗ್ ಬಗ್ಗೆ ಎರಡು ನಿಮಿಷ ಮಾತಾಡಿದೆ, ಧ್ವನಿ ಸ್ವಲ್ಪ ನಡುಗಿತು. ಅವರು ಬರೆದುಕೊಂಡರು. ಮುಂದಿನ ತಿಂಗಳ ಅಜೆಂಡಾದಲ್ಲಿ ಅದು ಆರನೇ ವಿಷಯವಾಗಿ ಅಚ್ಚಾಗಿತ್ತು.

ಮಾತಾಡಬೇಕು ಅಂತಿದ್ದರೆ ಒಂದೆರಡು ದಿನ ಮುಂಚೆ ಕ್ಲರ್ಕ್‌ಗೆ ಇಮೇಲ್ ಮಾಡಿ. ಪ್ಯಾರಿಷ್‌ನಲ್ಲಿ ದಿನದಿನದ ಕೆಲಸ ನಡೆಸುವವರು ಕ್ಲರ್ಕ್. ಅವರ ಪರಿಚಯ ಇದ್ದರೆ ಅರ್ಧ ಕೆಲಸ ಆದ ಹಾಗೆ. ಹೇಳುವುದನ್ನು ಚೀಟಿಯಲ್ಲಿ ಬರೆದುಕೊಂಡು ಓದಿದರೂ ಯಾರೂ ಏನೂ ಅನ್ನುವುದಿಲ್ಲ. ಒಂದೇ ವಿಷಯ ಹೇಳಿ. ಸಾರ್ವಜನಿಕ ಸಭೆಯನ್ನು ರೆಕಾರ್ಡ್ ಮಾಡುವ ಹಕ್ಕೂ 2014ರ ನಿಯಮದಿಂದ ನಿಮಗಿದೆ. ಆದರೂ ಮೊದಲು ಒಂದು ಮಾತು ಹೇಳಿ ಮಾಡುವುದು ಒಳ್ಳೆಯದು.

ವರ್ಷಕ್ಕೊಮ್ಮೆ, ಮಾರ್ಚ್ 1ರಿಂದ ಜೂನ್ 1ರೊಳಗೆ, 'ಆನ್ಯುಯಲ್ ಪ್ಯಾರಿಷ್ ಮೀಟಿಂಗ್' ನಡೆಯುತ್ತದೆ. ಇದು ಕೌನ್ಸಿಲ್‌ನ ಸಭೆ ಅಲ್ಲ, ಊರ ಮತದಾರರ ಸಭೆ. ನಮ್ಮ ಗ್ರಾಮಸಭೆ ಅಂದುಕೊಳ್ಳಿ. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅಲ್ಲಿ ಮಾತಾಡಬಹುದು, ಕೈ ಎತ್ತಿ ಮತ ಹಾಕಬಹುದು. ಇನ್ನೂ ಒಂದು ಹಕ್ಕಿದೆ. ಊರಿನ ಆರು ಮತದಾರರು ಸೇರಿದರೆ ಬೇರೆ ಹೊತ್ತಿನಲ್ಲೂ ಇಂಥ ಸಭೆ ಕರೆಯಬಹುದು. ಎರಡನೇ ಹೆಜ್ಜೆಯನ್ನು ಯಾಕೆ ಅಷ್ಟು ಒತ್ತಿ ಹೇಳಿದೆ ಅಂತ ಈಗ ಗೊತ್ತಾಯಿತಲ್ಲ. ಮೂರು ಕನ್ನಡದ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಪಟ್ಟಿಯಲ್ಲಿದ್ದರೆ ಅಲ್ಲಿಗೇ ಆರು ಜನ.

ಆರನೇ ಹೆಜ್ಜೆ: ಪಕ್ಕದಲ್ಲಿ ಏನೋ ಕಟ್ಟುತ್ತಾರೆ ಅಂದಾಗ

ಕಂಬಕ್ಕೆ ಕಟ್ಟಿದ ಪ್ಲಾನಿಂಗ್ ನೋಟಿಸ್ ಕಂಡರೆ ಫೋಟೋ ತೆಗೆದುಕೊಳ್ಳಿ. ಅಭಿಪ್ರಾಯ ಹೇಳಲು ಸಾಮಾನ್ಯವಾಗಿ 21 ದಿನ ಇರುತ್ತದೆ. ಡಿಸ್ಟ್ರಿಕ್ಟ್ ಕೌನ್ಸಿಲ್ ತಾಣದಲ್ಲಿ ಅರ್ಜಿ ನಂಬರ್ ಹಾಕಿದರೆ ನಕ್ಷೆ ಎಲ್ಲ ಸಿಗುತ್ತದೆ. 'ನಮ್ಮ ಮನೆ ಬೆಲೆ ಇಳಿಯುತ್ತದೆ', 'ಕಿಟಕಿಯಿಂದ ಗುಡ್ಡ ಕಾಣುವುದಿಲ್ಲ' ಅನ್ನುವುದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೆಳಕು ಕಡಿಮೆಯಾಗುವುದು, ನಮ್ಮ ಕೋಣೆಯೊಳಗೆ ಇಣುಕಿ ಕಾಣುವುದು, ವಾಹನ ದಟ್ಟಣೆ, ಸದ್ದು, ನೀರು ನಿಲ್ಲುವುದು ಇವನ್ನು ತೆಗೆದುಕೊಳ್ಳುತ್ತಾರೆ. ಹೆಸರು ಸಮೇತ ನಿಮ್ಮ ಪತ್ರ ತಾಣದಲ್ಲಿ ಕಾಣಬಹುದು, ಹಾಗಾಗಿ ಮಾತು ಅಳೆದು ಬರೆಯಿರಿ. ಬೆಂಬಲಿಸಿಯೂ ಬರೆಯಬಹುದು. ಊರಿಗೆ ಡಾಕ್ಟರ ಕ್ಲಿನಿಕ್ ಬೇಕಾಗಿದ್ದಾಗ ಬರೀ ವಿರೋಧದ ಪತ್ರಗಳೇ ಹೋದರೆ ಹೇಗೆ?

ಏಳನೇ ಹೆಜ್ಜೆ: ಉತ್ತರವೇ ಬರದಿದ್ದರೆ

ಮಾಹಿತಿ ಹಕ್ಕಿನ ಕಾನೂನು ಇಲ್ಲೂ ಇದೆ, 2000ದ್ದು. ಸರಳ ಇಮೇಲ್ ಸಾಕು, ಸಾಮಾನ್ಯವಾಗಿ ಹಣ ಇಲ್ಲ, 20 ಕೆಲಸದ ದಿನದಲ್ಲಿ ಉತ್ತರ ಕೊಡಬೇಕು. ಆದರೆ ಕೇಳುವ ಮುಂಚೆ ತಾಣದಲ್ಲಿ ಹುಡುಕಿ. 500 ಪೌಂಡ್‌ಗಿಂತ ಜಾಸ್ತಿ ಮಾಡಿದ ಖರ್ಚಿನ ಪಟ್ಟಿಯನ್ನು ಕೌನ್ಸಿಲ್‌ಗಳೇ ಹೊರಗೆ ಹಾಕುತ್ತವೆ. ಬೇಸಿಗೆಯಲ್ಲಿ 30 ಕೆಲಸದ ದಿನ ಲೆಕ್ಕದ ಪುಸ್ತಕ ತೆರೆದಿಡಬೇಕು, ಪ್ಯಾರಿಷ್‌ನದಾದರೆ ಅದರಲ್ಲಿ ಜುಲೈನ ಮೊದಲ ಹತ್ತು ಕೆಲಸದ ದಿನ ಸೇರಿರಬೇಕು. ಹೋಗಿ ನೋಡಬಹುದು.

ಕೌನ್ಸಿಲ್ ತಪ್ಪಿನಿಂದ ನಿಮಗೆ ತೊಂದರೆ ಆಗಿದ್ದರೆ ಮೊದಲು ಅವರದೇ ದೂರು ವ್ಯವಸ್ಥೆಯನ್ನು ಕೊನೆತನಕ ಮುಗಿಸಿ. ಆಮೇಲೆ ಕೌನ್ಸಿಲ್‌ಗಳ ಮೇಲಿನ ದೂರು ವಿಚಾರಿಸುವ ಲೋಕಲ್ ಗವರ್ನ್‌ಮೆಂಟ್ ಅಂಡ್ ಸೋಶಿಯಲ್ ಕೇರ್ ಒಂಬುಡ್ಸ್‌ಮನ್ ಬಳಿ ಹೋಗಬಹುದು. ವಿಷಯ ಗೊತ್ತಾದ 12 ತಿಂಗಳೊಳಗೆ ಹೋಗಬೇಕು. ಪ್ಯಾರಿಷ್ ಕೌನ್ಸಿಲ್ ಇವರ ವ್ಯಾಪ್ತಿಗೆ ಬರುವುದಿಲ್ಲ.

ಎಂಟನೇ ಹೆಜ್ಜೆ: ದೂರು ಕೊಡುವವರಾಗಿ ಮಾತ್ರ ಉಳಿಯಬೇಡಿ

ನನಗೆ ಊರು ನಿಜವಾಗಿ ಪರಿಚಯ ಆಗಿದ್ದು ಕಸ ಹೆಕ್ಕುವ ಶನಿವಾರಗಳಲ್ಲಿ. ಉದ್ದ ಹಿಡಿಯ ಚಿಮಟ, ಚೀಲ, ಕೈಗವಸು, ಹೊಳೆಯುವ ಜಾಕೆಟ್ ಎಲ್ಲವನ್ನೂ ಎಷ್ಟೋ ಕೌನ್ಸಿಲ್‌ಗಳು ಕಡ ಕೊಡುತ್ತವೆ. ತುಂಬಿದ ಚೀಲಗಳನ್ನು ಎಲ್ಲಿಡಬೇಕು ಅಂತ ಮುಂಚೆ ಕೇಳಿಕೊಳ್ಳಿ, ಅವರೇ ಬಂದು ಒಯ್ಯುತ್ತಾರೆ. ಎರಡು ಗಂಟೆ ಜೊತೆಗೆ ಬಗ್ಗಿ ಎದ್ದ ಮೇಲೆ ಪಕ್ಕದ ಬೀದಿಯವರು ಹೆಸರು ಹಿಡಿದು ಕರೆಯುತ್ತಾರೆ. ಅವತ್ತು ನಾವು ಒಂದು ಡಬ್ಬಿ ಅವಲಕ್ಕಿ ಒಗ್ಗರಣೆ ಮಾಡಿಕೊಂಡು ಹೋಗಿದ್ದೆವು. ಅದು ಏನು, ಹೇಗೆ ಮಾಡುವುದು ಅಂತ ಕೇಳದವರೇ ಇಲ್ಲ. ರಿಪೇರಿ ಕೆಫೆ ಅಂತ ಇನ್ನೊಂದು ಇದೆ, 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರುವಾಗಿ ಇಲ್ಲಿಗೂ ಬಂದಿದೆ. ಕೆಟ್ಟ ಮಿಕ್ಸಿ, ಹರಿದ ಚೀಲ ತಂದರೆ ಗೊತ್ತಿದ್ದವರು ಸರಿ ಮಾಡಿಕೊಡುತ್ತಾರೆ. ಹೊಲಿಗೆ ಬಲ್ಲ ನಮ್ಮ ಅಮ್ಮಂದಿರು ಇಲ್ಲಿಗೆ ಬಂದು ಆರು ತಿಂಗಳು ಸುಮ್ನೆ ಮನೆಯಲ್ಲಿ ಕೂರುತ್ತಾರಲ್ಲ, ಅವರನ್ನು ಕರೆದುಕೊಂಡು ಹೋಗಿ.

ನೀವೇ ಏನಾದರೂ ಶುರು ಮಾಡಬೇಕು ಅಂತಿದ್ದರೆ, ಉದಾಹರಣೆಗೆ ಲೈಬ್ರರಿಯಲ್ಲಿ ಮಕ್ಕಳಿಗೆ ಕನ್ನಡ ಕಥೆ ಹೇಳುವ ಹೊತ್ತು ಅಥವಾ ಎಲ್ಲರನ್ನೂ ಕರೆಯುವ ದೀಪಾವಳಿ ಸಂಜೆ, ಹಣಕ್ಕೆ ಕೌನ್ಸಿಲರ್‌ನ ಸಣ್ಣ ಅನುದಾನ ಇದೆಯೇ ಅಂತ ಕೇಳಿ. ಹಲವು ಕೌಂಟಿಗಳಲ್ಲಿ ಇದೆ. ಅದಕ್ಕೆ ಸಂಘಕ್ಕೊಂದು ಪುಟದ ನಿಯಮಾವಳಿ, ಇಬ್ಬರ ಸಹಿ ಬೇಕಾಗುವ ಬ್ಯಾಂಕ್ ಖಾತೆ, ಖರ್ಚಿನ ಅಂದಾಜು, ಕಾರ್ಯಕ್ರಮದ ವಿಮೆ ಸಾಮಾನ್ಯವಾಗಿ ಕೇಳುತ್ತಾರೆ. ಬ್ಯಾಂಕ್ ಖಾತೆ ತೆರೆಯಲು ವಾರಗಳೇ ಹಿಡಿಯುತ್ತವೆ, ಅದನ್ನು ಎಲ್ಲಕ್ಕಿಂತ ಮೊದಲು ಮಾಡಿ. ಅರ್ಜಿಯಲ್ಲಿ 'ನಮ್ಮ ಸಮುದಾಯಕ್ಕೆ' ಅಂತ ಬರೆದರೆ ಅರ್ಧ ಬರೆದ ಹಾಗೆ. ಊರಿನ ಉಳಿದವರಿಗೆ ಏನು ಸಿಗುತ್ತದೆ ಅಂತಲೂ ಬರೆಯಿರಿ.

ಕೊನೆಯದಾಗಿ ತೋಟ. ಅಲಾಟ್‌ಮೆಂಟ್ ಅನ್ನುವ ತುಂಡು ಜಮೀನನ್ನು ಪ್ಯಾರಿಷ್ ಅಥವಾ ಟೌನ್ ಕೌನ್ಸಿಲ್ ವರ್ಷದ ಬಾಡಿಗೆಗೆ ಕೊಡುತ್ತದೆ. ಹಳೆಯ ಲೆಕ್ಕದಲ್ಲಿ ಒಂದು ಪೂರ್ತಿ ತುಂಡು ಸುಮಾರು 250 ಚದರ ಮೀಟರ್, ಈಗ ಅರ್ಧ ತುಂಡೂ ಕೊಡುತ್ತಾರೆ. ಊರಿನಲ್ಲಿ ಅಂಥ ಜಾಗ ಸಾಲದಿದ್ದರೆ 1908ರ ಕಾಯ್ದೆಯಂತೆ ಆರು ಜನ ಸೇರಿ ಮನವಿ ಕೊಡಬಹುದು, ಕೌನ್ಸಿಲ್ ಅದನ್ನು ಪರಿಶೀಲಿಸಲೇಬೇಕು. ಮೇ ತಿಂಗಳಿಂದ ಸೆಪ್ಟೆಂಬರ್ ವರೆಗೆ ಮೆಂತ್ಯ, ಕೊತ್ತಂಬರಿ, ಮೂಲಂಗಿ ಚೆನ್ನಾಗಿ ಬರುತ್ತವೆ. ಪಕ್ಕದ ತುಂಡಿನ ಹಿರಿಯರು ಆಲೂಗಡ್ಡೆ ಯಾವಾಗ ನೆಡಬೇಕು ಅಂತ ಹೇಳಿಕೊಡುತ್ತಾರೆ, ಊರ ಸುದ್ದಿಯೂ ಅಲ್ಲೇ ಮೊದಲು ಸಿಗುತ್ತದೆ. ಕಾಯುವ ಪಟ್ಟಿ ಉದ್ದ ಇರುತ್ತದೆ, ಕೆಲವು ಕಡೆ ವರ್ಷಗಟ್ಟಲೆ. ಕ್ಲರ್ಕ್‌ಗೆ ಇಮೇಲ್ ಮಾಡಿ ಈ ವಾರವೇ ಹೆಸರು ಬರೆಸಿ.